ಮಹಾರಾಣಿ ಲಕ್ಷ್ಮಮ್ಮಣ್ಣಿಯವರು

ಬಾಗಲೂರಿನಿಂದ ಉತ್ತರಕ್ಕೆ ಕೆಲವು ಮೈಲಿಗಳಾಚೆ ದೇವನಹಳ್ಳಿಯ ಕೋಟೆಯಿದೆ. 1749ರಲ್ಲಿ ಮೈಸೂರು ಸೈನ್ಯವು ಅದನ್ನು ಮುತ್ತಿದಾಗ ಹೈದರನ ಪರಾಕ್ರಮವು ಮೊದಲು ಬೆಳಕಿಗೆ ಬಂದಿತು. 1761ರ ವೇಳೆಗೆ ರಾಜ್ಯಾಧಿಕಾರವೆಲ್ಲವೂ ಅವನ ಕೈಸೇರಿ, ಇಮ್ಮಡಿ ಕೃಷ್ಣರಾಜ ಒಡೆಯರಿಗೆ ದೊರೆಯೆಂಬ ಹೆಸರು ಮಾತ್ರವೇ ಉಳಿಯಿತು. ಆ ದೊರೆಯ ರಾಣಿ ಲಕ್ಷ್ಮಮ್ಮಣ್ಣಿಯವರು; ಕತ್ತಿ ಗೋಪಾಲರಾಜೇ ಅರಸಿನವರ ಪುತ್ರಿ.

1766ರಲ್ಲಿ ಪತಿವಿಯೋಗವಾಯಿತು. ಅಂತಃಪುರದ ವಿಧವೆಗೆ ಲೋಕವು ವಿಧಿಸಿದ್ದು ಪೂಜೆ, ವ್ರತ, ಪುರಾಣಶ್ರವಣ. ಈಕೆಯಾದರೋ ಶ್ರೀರಂಗಪಟ್ಟಣದಲ್ಲಿ ಕಾವಲಿನ ನಡುವೆ ಇದ್ದುಕೊಂಡೇ ರಾಜ್ಯತಂತ್ರಕ್ಕೆ ತೊಡಗಿದರು. ನಾಮಮಾತ್ರಕ್ಕೆ ಪಟ್ಟದಲ್ಲಿದ್ದ ಇಬ್ಬರು ಒಡೆಯರು 1770ರಲ್ಲಿಯೂ 1776ರಲ್ಲಿಯೂ ಗತಿಸಿದರು. ರಾಣಿಯವರು ಧೃತಿಗೆಡಲಿಲ್ಲ. ಪ್ರಧಾನ ತಿರುಮಲರಾಯನೂ ಅವನ ಸಹೋದರ ನಾರಾಯಣರಾಯನೂ ಅವರ ಪರವಾಗಿ ಹೊರಗೆ ಓಡಾಡಿದರು. 1782ರಲ್ಲಿ ತಂಜಾವೂರಿನಲ್ಲಿ ಕಂಪೆನಿಯವರೊಡನೆ ಒಪ್ಪಂದವಾಯಿತು. ಪತ್ರವೊಂದು ಸಿಕ್ಕಿಬಿದ್ದಿದ್ದರೆ ಪರಿವಾರವೆಲ್ಲಕ್ಕೂ ಮರಣವೇ ಗತಿ. ಆದರೂ ಕಂಪೆನಿಯು ತನ್ನ ಅನುಕೂಲವನ್ನೇ ನೋಡಿತು. 1792ರಲ್ಲಿ ಕಾರ್ನ್‌ವಾಲಿಸನು ಟೀಪೂವಿನ ರಾಜ್ಯದಲ್ಲಿ ಅರ್ಧವನ್ನು ಕಿತ್ತುಕೊಂಡು ಸಂಧಿ ಮಾಡಿಕೊಂಡು ಹಿಂದಿರುಗಿದನು. ಒಡೆಯರ ಮನೆತನಕ್ಕೆ ದೊರೆತುದು ಶೂನ್ಯ. 1796ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಕೊಳ್ಳಲು, ಅರಮನೆಯು ಬರಿದಾಗಿ ಪರಿವಾರವು ಚಿಕ್ಕ ಮನೆಯೊಂದಕ್ಕೆ ಹೋಗಬೇಕಾಯಿತು. ಪ್ರಯತ್ನವು ಆಗಲೂ ನಿಲ್ಲಲಿಲ್ಲ.

1799ರ ಮೇ 4ರಂದು ಟೀಪೂ ಸುಲ್ತಾನನು ಇಂಗ್ಲಿಷರೊಡನೆ ಹೋರಾಡುತ್ತ ಮಡಿದನು. ಜೂನ್ 30ರಂದು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು. ಬಾಲಕನ ಪರವಾಗಿ ಸಂಧಿಪತ್ರಕ್ಕೆ ರುಜು ಹಾಕಿದವರಲ್ಲಿ ಲಕ್ಷ್ಮಮ್ಮಣ್ಣಿಯವರೂ ಒಬ್ಬರು.

ದೇಶಾಭಿಮಾನಿಗಳಿಗೆ ಕಷ್ಟವಾಗುವುದು ಇಲ್ಲಿಯೇ. ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪೆನಿಯ ಸೈನ್ಯಕ್ಕೆ ತೆರಬೇಕು. ಅದಕ್ಕೆ ಕುಂದು ಬರುವಂತೆ ತೋರಿದರೆ ಆಡಳಿತವನ್ನು ಕಂಪೆನಿಯೇ ವಹಿಸಿಕೊಳ್ಳಬಹುದು. ಈ ಷರತ್ತನ್ನೇ ಹಿಡಿದು 1831ರಲ್ಲಿ ಬೆಂಟಿಂಕನು ರಾಜ್ಯಭಾರವನ್ನು ಕಸಿದುಕೊಂಡನು. ಅದು ಮನೆತನಕ್ಕೆ ಮರಳಿದುದು 1881ರಲ್ಲಿ. ಪರಕೀಯರನ್ನು ಬರಮಾಡಿಕೊಂಡರೆಂಬ ಆಕ್ಷೇಪಣೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಮರಾಠರೂ ನಿಜಾಮನೂ ಅದೇ ಕಂಪೆನಿಯೊಡನೆ ಕೈಗೂಡಿಸಿದ್ದ ಕಾಲವದು. ದಂಡು, ಬೊಕ್ಕಸ, ಕೋಟೆಗಳನ್ನುಳ್ಳ ಅರಸರು ಮಾಡಿದುದನ್ನು ಮರೆತು, ಇವಾವುವೂ ಇಲ್ಲದ ವಿಧವೆಯೊಬ್ಬಳನ್ನು ಮಾತ್ರ ದೂರುವುದು ನಮಗೆ ಸಮ್ಮತವಲ್ಲ.

ಹೊಸ ಆಡಳಿತದಲ್ಲಿ ದಿವಾನಗಿರಿಯು ತಿರುಮಲರಾಯನಿಗೆ ಸಲ್ಲದೆ, ಟೀಪೂವಿನ ಅಧಿಕಾರಿಯಾಗಿದ್ದ ಪೂರ್ಣಯ್ಯನವರಿಗೆ ಸಂದಿತು. 1810ರಲ್ಲಿ ರಾಣಿಯವರು ಕಾಲವಾದಾಗಲೂ ಪೂರ್ಣಯ್ಯನವರೇ ದಿವಾನರಾಗಿದ್ದರು. ಕೃಷ್ಣರಾಜರ ಕೈಗೆ ಅಧಿಕಾರವಿನ್ನೂ ಬಂದಿರಲಿಲ್ಲ.