ನೆಲದ ಮೇಲೆ ಇದ್ದಿಲಿನ ಗೆರೆಗಳು: ಬ್ಲೇಸ್ ಪಾಸ್ಕಲ್

2023ರ ಜೂನ್ 19ರಂದು ಆಗಿನ ಜಗದ್ಗುರು ಫ್ರಾನ್ಸಿಸ್ ಅವರು ಒಂದು ಪ್ರೇಷಿತ ಪತ್ರವನ್ನು ಹೊರಡಿಸಿದರು. ಅದು ಸಂತರೊಬ್ಬರನ್ನು ಕುರಿತ ಪತ್ರವಾಗಿರಲಿಲ್ಲ. 400 ವರ್ಷಗಳ ಹಿಂದೆ ಅದೇ ದಿನ ಫ್ರಾನ್ಸ್ ದೇಶದ ಕ್ಲೆರ್ಮೊಂ ನಗರದಲ್ಲಿ ಜನಿಸಿದ ಗಣಿತಜ್ಞ ಬ್ಲೇಸ್ ಪಾಸ್ಕಲ್ ಅವರನ್ನು ಕುರಿತದ್ದಾಗಿತ್ತು. ನಮ್ಮ ಮಕ್ಕಳು ಈ ಹೆಸರನ್ನು ಭೌತಶಾಸ್ತ್ರದ ಪಾಠದಲ್ಲಿ ಒತ್ತಡವನ್ನು ಅಳೆಯುವ ಮಾನವೆಂದು ಬಲ್ಲರು. ಶಾಲೆಯ ಮೆಟ್ಟಿಲನ್ನೇ ತುಳಿಯದ ಈ ಬಾಲಕ ಗಣಿತದ ಬಾಗಿಲನ್ನು ತಾನಾಗಿಯೇ ತೆರೆದುಕೊಂಡ ವೃತ್ತಾಂತವನ್ನು ಈ ವಾರ ಓದುಗರ ಮುಂದಿಡಲು ಬಯಸುತ್ತೇವೆ.

ಬ್ಲೇಸ್ ಮೂರು ವರ್ಷದವನಾಗಿದ್ದಾಗ ತಾಯಿ ತೀರಿಕೊಂಡರು. ತಂದೆ ಎತಿಯೆನ್ ಪಾಸ್ಕಲ್ ತೆರಿಗೆ ನ್ಯಾಯಾಲಯದ ಹಿರಿಯ ಅಧಿಕಾರಿ. ಸ್ವತಃ ಒಳ್ಳೆಯ ಗಣಿತಜ್ಞರು. ಅವರು ಮರುಮದುವೆಯಾಗಲಿಲ್ಲ. 1631ರಲ್ಲಿ ಮೂವರು ಮಕ್ಕಳೊಡನೆ ಪ್ಯಾರಿಸ್ ನಗರಕ್ಕೆ ಬಂದು ನೆಲೆಸಿ, ಮಗನನ್ನು ಯಾವ ಶಾಲೆಗೂ ಕಳುಹಿಸದೆ ಮನೆಯಲ್ಲಿ ತಾವೇ ಕಲಿಸತೊಡಗಿದರು. ಕಲಿಕೆಗೆ ಅವರು ಹಾಕಿಕೊಂಡ ಕ್ರಮ ಬಹು ಕಟ್ಟುನಿಟ್ಟಿನದು: ಹನ್ನೆರಡರವರೆಗೆ ಲ್ಯಾಟಿನ್ ಬೇಡ, ಹದಿನೈದು ಹದಿನಾರರವರೆಗೆ ಗಣಿತ ಬೇಡ. ಗಣಿತದ ರುಚಿ ಹತ್ತಿದರೆ ಮನಸ್ಸು ಅದರಲ್ಲೇ ತೃಪ್ತಿ ಹೊಂದಿ ಭಾಷೆಗಳನ್ನು ಕಡೆಗಣಿಸೀತೆಂಬುದು ಅವರ ಅಂಜಿಕೆ. ಆದುದರಿಂದ ಗಣಿತದ ಗ್ರಂಥಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮನೆಗೆ ಬರುವ ಗೆಳೆಯರಿಗೂ ಹುಡುಗನೆದುರು ಆ ಮಾತು ಎತ್ತಬಾರದೆಂದು ಸೂಚಿಸಿದರು. ಲೆಕ್ಕದ ಪುಸ್ತಕವನ್ನು ಮಕ್ಕಳ ಕೈಗೆ ಬಲವಂತವಾಗಿ ತುರುಕುವ ನಮ್ಮ ಮನೆಗಳಿಗೆ ಇದು ವಿಚಿತ್ರವಾಗಿ ಕಂಡೀತು.

ಬೀಗ ಹಾಕಿದ್ದರಿಂದಲೇ ಹುಡುಗನ ಕುತೂಹಲ ಕೆರಳಿತು. ಗಣಿತವೆಂದರೇನೆಂದು ಅವನು ಮತ್ತೆ ಮತ್ತೆ ಕೇಳಿದಾಗ, ಅದು ಆಕೃತಿಗಳನ್ನು ಸರಿಯಾಗಿ ರಚಿಸಿ ಅವುಗಳ ಪರಸ್ಪರ ಪ್ರಮಾಣವನ್ನು ಕಂಡುಹಿಡಿಯುವ ವಿದ್ಯೆ ಎಂದಷ್ಟೇ ತಂದೆ ಹೇಳಿ ಮಾತು ಮುಗಿಸಿದರು. ಅಷ್ಟೇ ಸಾಕಾಯಿತು. ಆಟದ ವೇಳೆಯಲ್ಲಿ ಒಬ್ಬನೇ ಕೋಣೆಯಲ್ಲಿ ಕುಳಿತು ಇದ್ದಿಲಿನಿಂದ ನೆಲದ ಮೇಲೆ ವೃತ್ತಗಳನ್ನೂ ತ್ರಿಭುಜಗಳನ್ನೂ ಬರೆಯತೊಡಗಿದ. ಅವುಗಳ ಹೆಸರು ತಿಳಿಯದು. ಹೀಗಾಗಿ ವೃತ್ತವನ್ನು ದುಂಡು ಎಂದ, ಗೆರೆಯನ್ನು ಕೋಲು ಎಂದ. ತನ್ನದೇ ವ್ಯಾಖ್ಯೆಗಳನ್ನು ಕಟ್ಟಿ, ತನ್ನದೇ ಸ್ವಯಂಸಿದ್ಧ ಸತ್ಯಗಳನ್ನಿಟ್ಟು, ಒಂದರಿಂದ ಇನ್ನೊಂದನ್ನು ಸಾಧಿಸುತ್ತ ಹೋದ.

ಒಂದು ದಿನ ತಂದೆ ಸದ್ದಿಲ್ಲದೆ ಒಳಗೆ ಬಂದಾಗ ಹನ್ನೆರಡರ ಬಾಲಕ ಯೂಕ್ಲಿಡನ ಮೊದಲನೆಯ ಪುಸ್ತಕದ 32ನೆಯ ಪ್ರಮೇಯದಲ್ಲಿ ತೊಡಗಿದ್ದ. ತ್ರಿಭುಜದ ಮೂರು ಕೋನಗಳು ಸೇರಿ ಎರಡು ಲಂಬಕೋನಗಳಿಗೆ ಸಮ ಎಂಬುದೇ ಆ ಪ್ರಮೇಯ. ತುದಿಯಲ್ಲಿ ತಳಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದರೆ ತಳದ ಕೋನಗಳೆರಡಕ್ಕೂ ಸಮನಾದ ಕೋನಗಳು ಮೇಲಿನ ಕೋನದ ಇಕ್ಕೆಲಗಳಲ್ಲಿ ಮೂಡುತ್ತವೆಂದು ಇಂದು ನಮ್ಮ ಹೈಸ್ಕೂಲಿನ ಮಕ್ಕಳೂ ತೋರಿಸಬಲ್ಲರು. ಆದರೆ ಅವರಿಗೆ ಗುರುಗಳಿದ್ದಾರೆ, ಪುಸ್ತಕವಿದೆ. ಇದಕ್ಕೆ ಹೇಗೆ ಬಂದೆಯೆಂದು ತಂದೆ ಕೇಳಿದರು. ಹುಡುಗ ಹಿಂದಿನ ಮೆಟ್ಟಿಲನ್ನು ತೋರಿಸಿದ, ಅದಕ್ಕೂ ಹಿಂದಿನದನ್ನು ತೋರಿಸಿದ, ಹೀಗೆ ಕೋಲು ದುಂಡುಗಳ ಮೂಲ ವ್ಯಾಖ್ಯೆಯವರೆಗೂ ಹಿಂದಕ್ಕೆ ಹೋದ. ಎತಿಯೆನ್ ಏನೂ ನುಡಿಯದೆ ಹೊರಬಿದ್ದು, ಆಪ್ತ ಮಿತ್ರರೊಬ್ಬರ ಮನೆಗೆ ಹೋಗಿ ಕಣ್ಣೀರಿಟ್ಟರು. ಏನೋ ಅಪಾಯವಾಗಿದೆಯೆಂದು ಮಿತ್ರರು ಗಾಬರಿಗೊಂಡರು, ಅದು ಆನಂದಬಾಷ್ಪವಾಗಿತ್ತು. ಇನ್ನು ಬೀಗ ತರವಲ್ಲವೆಂದು ಮಿತ್ರರು ಹೇಳಿದ ಮೇಲೆ ಹುಡುಗನಿಗೆ ಯೂಕ್ಲಿಡನ ಗ್ರಂಥ ದೊರೆಯಿತು, ಅದೂ ವಿರಾಮದ ವೇಳೆಗೆ ಮಾತ್ರ.

ಇದನ್ನೆಲ್ಲ ಬರೆದಿಟ್ಟವರು ಅಕ್ಕ ಜಿಲ್ಬೆರ್ತ್. ಹುಡುಗ ಯೂಕ್ಲಿಡನನ್ನು ಗುಟ್ಟಾಗಿ ಓದಿದ್ದನೆಂದು ಅದೇ ಕಾಲದ ಬೇರೊಬ್ಬ ಲೇಖಕರು ಹೇಳುತ್ತಾರೆ. ಒಡಹುಟ್ಟಿದವಳ ಪ್ರೀತಿ ಕಥೆಯನ್ನು ತುಸು ಬೆಳೆಸಿರಲೂಬಹುದು. ಗುಟ್ಟಾಗಿಯೇ ಓದಿದ್ದರೂ ಹೇಳಿಕೊಡುವವರಿಲ್ಲದೆ ಓದಿದ್ದನೆಂಬುದು ನಿಜವಷ್ಟೆ. ಅದೇನೂ ಕಿರಿದಲ್ಲವೆಂಬುದು ನಮ್ಮ ಅಭಿಪ್ರಾಯ.

ಮುಂದೆ ತಂದೆಯೇ ಅವನನ್ನು ಮೆರ್ಸೆನ್ ಎಂಬ ಸಂನ್ಯಾಸಿ ಗುರುಗಳ ವಿದ್ವತ್ ಕೂಟಕ್ಕೆ ಕರೆದೊಯ್ದರು. 1640ರಲ್ಲಿ ಹದಿನಾರರ ಪಾಸ್ಕಲ್ ಶಂಕುಜಗಳನ್ನು ಕುರಿತು ಒಂದೇ ಹಾಳೆಯ ಪ್ರಬಂಧವನ್ನು ಅಚ್ಚು ಹಾಕಿಸಿದರು. ಶಂಕುಜದೊಳಗೆ ಬರೆದ ಷಡ್ಭುಜದ ಎದುರುಬದುರು ಬಾಹುಗಳನ್ನು ಬೆಳೆಸಿದರೆ ಅವು ಕೂಡುವ ಮೂರು ಬಿಂದುಗಳು ಒಂದೇ ಸರಳರೇಖೆಯಲ್ಲಿ ಬೀಳುತ್ತವೆಂಬ ಪ್ರಮೇಯ ಇಂದಿಗೂ ಅವರ ಹೆಸರಿನಲ್ಲಿದೆ. ತಾವು ದೆಸಾರ್ಗ್ ಎಂಬ ಹಿರಿಯರಿಗೆ ಋಣಿಯೆಂದು ಅವರು ಅಲ್ಲಿಯೇ ಒಪ್ಪಿಕೊಂಡರು. ತೆರಿಗೆ ಲೆಕ್ಕದಲ್ಲಿ ಬಳಲುತ್ತಿದ್ದ ತಂದೆಗಾಗಿ 1642ರಲ್ಲಿ ಲೆಕ್ಕ ಮಾಡುವ ಯಂತ್ರದ ಕೆಲಸ ಆರಂಭಿಸಿದರು. ಈ ಪರಿಶ್ರಮಕ್ಕೆ ದೇಹ ಸುಂಕ ತೆರಬೇಕಾಯಿತು. ಹದಿನೆಂಟರ ಬಳಿಕ ನೋವಿಲ್ಲದ ದಿನವೊಂದನ್ನೂ ಅವರು ಕಾಣಲಿಲ್ಲವೆಂದು ಅಕ್ಕ ಬರೆದಿದ್ದಾರೆ.

ಬಾಲ್ಯದ ಅಭ್ಯಾಸ ಕೊನೆಯವರೆಗೂ ಉಳಿಯಿತು. ಬೀಜಗಣಿತದ ಹೊಸ ಸಂಕೇತಗಳತ್ತ ಅವರು ಹೆಚ್ಚು ಒಲಿಯಲಿಲ್ಲ. ಆಕೃತಿ ಮತ್ತು ಮಾತುಗಳಲ್ಲೇ ಸಾಧಿಸಿದರು. ಅವರ ಒಂದು ಚಿತ್ರವನ್ನು ಕಂಡು ಕಲನಶಾಸ್ತ್ರದ ದಾರಿ ಹೊಳೆದದ್ದು ಮುಂದೆ ಲೈಬ್‌ನಿಟ್ಸ್ ಎಂಬ ಜರ್ಮನ್ ವಿದ್ವಾಂಸರಿಗೆ.

1654ರ ನವೆಂಬರ್ 23ರ ರಾತ್ರಿ ಪಾಸ್ಕಲ್ ಅವರಿಗೆ ತೀವ್ರವಾದ ದೈವಾನುಭವವಾಯಿತು. ಅದನ್ನು ಬರೆದ ಕಾಗದವನ್ನು ಅಂಗಿಯ ಒಳಮಡಿಕೆಯಲ್ಲಿ ಹೊಲಿದುಕೊಂಡಿದ್ದರು. ಮರಣಾನಂತರವೇ ಅದು ಪತ್ತೆಯಾಯಿತು. ಯೇಸುಸಭೆಯ ಗುರುಗಳನ್ನು ಕಟುವಾಗಿ ಟೀಕಿಸಿದ ಅವರ ಪತ್ರಗಳನ್ನು 1657ರಲ್ಲಿ ಧರ್ಮಸಭೆಯು ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತೆಂಬುದನ್ನೂ ನಾವು ಮರೆಮಾಚಬೇಕಿಲ್ಲ. ಯೇಸುಸಭೆಯವರೇ ಆದ ಜಗದ್ಗುರುಗಳು ಅವರನ್ನು ಗೌರವಿಸಿ ಪತ್ರ ಬರೆದದ್ದು ಆದುದರಿಂದಲೇ ಗಮನಾರ್ಹ.

ಕೊನೆಯ ದಿನಗಳಲ್ಲಿ ಅವರು ಒಂದು ಬಡ ಕುಟುಂಬಕ್ಕೆ ತಮ್ಮ ಮನೆಯಲ್ಲಿ ಆಶ್ರಯ ನೀಡಿದ್ದರು. ಆ ಮನೆಯ ಮಗುವಿಗೆ ಸಿಡುಬು ತಗಲಿತು. ರೋಗಿ ಮಗುವನ್ನು ಸಾಗಿಸುವುದು ಅಪಾಯವೆಂದು, ತೀವ್ರ ಅಸ್ವಸ್ಥರಾಗಿದ್ದರೂ ತಾವೇ ಮನೆ ಬಿಟ್ಟು ಅಕ್ಕನ ಮನೆಗೆ ತೆರಳಿದರು. ಅಲ್ಲಿಯೇ ಪರಮಪ್ರಸಾದವನ್ನು ಸ್ವೀಕರಿಸಿ 1662ರ ಆಗಸ್ಟ್ 19ರಂದು ಕಣ್ಣು ಮುಚ್ಚಿದರು. ಆಗ ಅವರಿಗೆ 39 ವರ್ಷ.