ಗಾಯಕ್ಕೆ ಕಾಫಿ ಪುಡಿ ಹಾಕುವ ಮೊದಲು ಈ ವೈದ್ಯರ ಕಥೆ ಓದಿ

ಕಾಫಿ ಪುಡಿ ಒತ್ತಿದರೆ ರಕ್ತ ನಿಲ್ಲುತ್ತದೆ, ಸುಣ್ಣ ಹಚ್ಚಿದರೆ ಗಾಯ ಬೇಗ ಮಾಯುತ್ತದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ನಾವುಂದದಂಥ ಕರಾವಳಿ ಊರಿನಲ್ಲಿ ತೋಟದಲ್ಲಿ ಕತ್ತಿ ತಾಗಿದರೂ, ಮೀನಿನ ಮುಳ್ಳು ಚುಚ್ಚಿದರೂ ಕೈ ಮೊದಲು ಹೋಗುವುದು ಅಡುಗೆಮನೆಯ ಡಬ್ಬಿಗೆ. ಆದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸ್ಟೆರೈಲ್ ಗಾಜ್ ಪಟ್ಟಿ ಏಕೆ ಬೇಕು ಎಂಬುದಕ್ಕೆ ಉತ್ತರ ಜೋಸೆಫ್ ಲಿಸ್ಟರ್ ಅವರ ಬದುಕಿನಲ್ಲಿದೆ.

ಮೈಕ್ರೋಸ್ಕೋಪ್ ಇದ್ದ ಮನೆ

ಲಿಸ್ಟರ್ ಹುಟ್ಟಿದ್ದು 1827ರಲ್ಲಿ, ಲಂಡನ್ ಹತ್ತಿರದ ಅಪ್ಟನ್‌ನಲ್ಲಿ. ತಂದೆ ವೈನ್ ವ್ಯಾಪಾರಿ. ಬಿಡುವಿನಲ್ಲಿ ಮೈಕ್ರೋಸ್ಕೋಪ್ ಲೆನ್ಸ್‌ಗಳನ್ನು ಸುಧಾರಿಸಿ ಹೆಸರಾದವರು. ಮಗ ಸರ್ಜನ್ ಆಗಿ 1860ರಲ್ಲಿ ಗ್ಲಾಸ್ಗೋಗೆ ಹೋದರು.

ಆಗ ಆಪರೇಷನ್ ಚೆನ್ನಾಗಿ ನಡೆದರೂ ರೋಗಿ ಬದುಕುವ ಭರವಸೆ ಇರಲಿಲ್ಲ. ಕೀವು ಬಂದರೆ ಗಾಯ ಮಾಯುತ್ತಿದೆ ಎಂದೇ ಅನೇಕ ವೈದ್ಯರು ನಂಬಿದ್ದರು. ಗಾಯ ಕೊಳೆಯಲು ಕೆಟ್ಟ ಗಾಳಿ ಕಾರಣ ಎನ್ನುತ್ತಿದ್ದರು. ಲಿಸ್ಟರ್ ಕೈಕಾಲು ಕತ್ತರಿಸಿದ 35 ರೋಗಿಗಳಲ್ಲೂ 16 ಮಂದಿ ಸತ್ತಿದ್ದರು.

ಹನ್ನೊಂದು ವರ್ಷದ ಹುಡುಗ

ಪದಾರ್ಥ ಕೊಳೆಯಲು ಸೂಕ್ಷ್ಮಜೀವಿಗಳು ಕಾರಣ ಎಂಬ ಫ್ರಾನ್ಸಿನ ಲೂಯಿ ಪಾಶ್ಚರ್ ಅವರ ಸಂಶೋಧನೆಯನ್ನು ಲಿಸ್ಟರ್ ಓದಿದರು. ಗಾಯದಲ್ಲೂ ಹಾಗೇ ಆಗುತ್ತಿರಬಹುದೇ? ಕಾರ್ಲೈಲ್ ಪಟ್ಟಣದಲ್ಲಿ ಚರಂಡಿ ನೀರಿಗೆ ಕಾರ್ಬಾಲಿಕ್ ಆಸಿಡ್ ಬಳಸುತ್ತಿದ್ದ ವಿಷಯವೂ ಅವರಿಗೆ ಗೊತ್ತಿತ್ತು.

1865ರ ಆಗಸ್ಟ್ 12ರಂದು ಜೇಮ್ಸ್ ಗ್ರೀನ್‌ಲೀಸ್ ಎಂಬ ಹುಡುಗನನ್ನು ಆಸ್ಪತ್ರೆಗೆ ತಂದರು. ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದಿತ್ತು, ಚರ್ಮವೂ ಸೀಳಿತ್ತು. ಅಂಥ ಕಾಲನ್ನು ಕತ್ತರಿಸುವುದೇ ಆಗಿನ ರೂಢಿ. ಲಿಸ್ಟರ್ ಕಾರ್ಬಾಲಿಕ್‌ನಲ್ಲಿ ನೆನೆಸಿದ ಬಟ್ಟೆಯಿಂದ ಗಾಯ ಮುಚ್ಚಿದರು. ನಾಲ್ಕು ದಿನ ಬಿಟ್ಟು ಬಿಚ್ಚಿದರೆ ಕೀವೇ ಇಲ್ಲ! ಸುಮಾರು ಆರು ವಾರಗಳಲ್ಲಿ ಮೂಳೆ ಕೂಡಿತು, ಹುಡುಗನ ಕಾಲು ಉಳಿಯಿತು.

1867ರಲ್ಲಿ ಅವರು ಈ ವಿಧಾನವನ್ನು ಪ್ರಕಟಿಸಿದರು. ಹಲವು ವೈದ್ಯರು ನಂಬಲಿಲ್ಲ. ಆದರೆ ಲೆಕ್ಕ ಮಾತಾಡಿತು: ಮುಂದಿನ 40 ರೋಗಿಗಳಲ್ಲಿ ಸತ್ತವರು 6 ಮಂದಿ.

ಆಸ್ಪತ್ರೆಯಿಂದ ಕಾರ್ಖಾನೆಗೆ

ಕಾರ್ಬಾಲಿಕ್ ಚರ್ಮವನ್ನು ಸುಡುತ್ತಿತ್ತು. ಲಿಸ್ಟರ್ ಹಟ ಹಿಡಿಯಲಿಲ್ಲ, ಪಟ್ಟಿಯನ್ನು ಮತ್ತೆ ಮತ್ತೆ ಬದಲಿಸಿ ಔಷಧಿ ಹಚ್ಚಿದ ಹಲವು ಪದರದ ಗಾಜ್‌ಗೆ ಬಂದರು. ಗಾಳಿಗೆ ಸಿಂಪಡಿಸುತ್ತಿದ್ದ ಕಾರ್ಬಾಲಿಕ್ ಸ್ಪ್ರೇ ಬೇಕಿಲ್ಲ ಎಂದು ಒಪ್ಪಿ ಅದನ್ನೂ ಕೈಬಿಟ್ಟರು. ಅವರ ವಿಚಾರದಿಂದ ಪ್ರೇರಣೆ ಪಡೆದು 1886ರಲ್ಲಿ ಶುರುವಾದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಸಿದ್ಧ ಪಟ್ಟಿಗಳನ್ನು ತಯಾರಿಸಿತು. ಲಿಸ್ಟರ್ 1912ರಲ್ಲಿ ತೀರಿಕೊಂಡರು.

ಇಂದಿನ ಗಾಜ್ ಕೂಡ ಹತ್ತಿಯ ಬಟ್ಟೆಯೇ. ಹತ್ತಿಯ ಮೇಣದ ಅಂಶ ತೆಗೆದು, ತೇವ ಹೀರುವಂತೆ ಮಾಡಿ, ಬಿಸಿ ಹಬೆ, ಅನಿಲ ಅಥವಾ ಗಾಮಾ ಕಿರಣದಿಂದ ಕ್ರಿಮಿಮುಕ್ತಗೊಳಿಸುತ್ತಾರೆ. ಲಕೋಟೆ ಹರಿದಿದ್ದರೆ ಅಥವಾ ಒದ್ದೆಯಾಗಿದ್ದರೆ ಅದನ್ನು ಸ್ಟೆರೈಲ್ ಎಂದು ನಂಬಬೇಡಿ.

ಹಾಗಾದರೆ ಏನು ಮಾಡಬೇಕು?

ಗಾಯವನ್ನು ಮಾಯಿಸುವುದು ನಮ್ಮ ದೇಹ. ಕ್ರಿಮಿ ಒಳಗೆ ಬಾರದಂತೆ ಬಾಗಿಲು ಕಾಯುವುದು ಪಟ್ಟಿಯ ಕೆಲಸ. ಕಾಫಿ ಪುಡಿ, ಅರಿಶಿನ, ಬೂದಿ ಕ್ರಿಮಿಮುಕ್ತವಲ್ಲ. ಸುಣ್ಣ ಚರ್ಮವನ್ನೇ ಸುಡುತ್ತದೆ. ರಕ್ತ ನಿಲ್ಲಿಸಲು ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನಿಂತ ಮೇಲೆ ಶುದ್ಧ ನೀರಿನಲ್ಲಿ ತೊಳೆದು ಪಟ್ಟಿ ಕಟ್ಟಿ. ಗಾಯ ಆಳವಾಗಿದ್ದರೆ, ಮಣ್ಣು ತಾಗಿದ್ದರೆ ಅಥವಾ ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಬೇಕೇ ಎಂದೂ ಕೇಳಿ.

ಮುಂದಿನ ಬಾರಿ ಕಾಫಿ ಪುಡಿಯ ಮೆಸೇಜ್ ಬಂದರೆ, ಉತ್ತರವಾಗಿ ಆ ಹುಡುಗನ ಕಾಲಿನ ಕಥೆ ಕಳಿಸಿ.