ಧೂಳಿನೊಡನೆ ಸೆಣಸಿದ ಎಮಿಲ್ ಬರ್ಲಿನರ್

ಮಕ್ಕಳೇ, ಹಳೆಯ ಚಲನಚಿತ್ರಗಳಲ್ಲಿ ದೊಡ್ಡ ಕಹಳೆಯಿರುವ ಹಾಡುವ ಪೆಟ್ಟಿಗೆಯನ್ನು ನೀವು ನೋಡಿರಬಹುದು. ಅದೇ ಗ್ರಾಮಫೋನ್. ಅದರ ಮೇಲೆ ಕಪ್ಪು ತಟ್ಟೆಯೊಂದು ಗಿರಗಿರನೆ ತಿರುಗುತ್ತದೆ. ತಟ್ಟೆಯ ಮೇಲಿನ ಸುರುಳಿ ಗೀರಿನಲ್ಲಿ ಮುಳ್ಳು ಓಡುವಾಗ ಹಾಡು ಕೇಳಿಸುತ್ತದೆ. ಆ ಗೀರಿನಲ್ಲಿ ಧೂಳಿನ ಕಣವೊಂದು ಕುಳಿತಿದ್ದರೆ? ಧೂಳು ಯಾವುದು, ಹಾಡು ಯಾವುದು ಎಂದು ಮುಳ್ಳಿಗೆ ತಿಳಿಯದು. ಚಟ್ ಎಂಬ ಸದ್ದನ್ನೂ ಹಾಡಿನೊಂದಿಗೆ ಸೇರಿಸಿಬಿಡುತ್ತದೆ. ಈ ತಟ್ಟೆಯನ್ನು ಜಗತ್ತಿಗೆ ಕೊಟ್ಟವರು ಎಮಿಲ್ ಬರ್ಲಿನರ್.

ಬರ್ಲಿನರ್ 1851ರ ಮೇ 20ರಂದು ಜರ್ಮನಿಯ ಹ್ಯಾನೋವರ್ ನಗರದಲ್ಲಿ ಜನಿಸಿದರು. ಮನೆ ತುಂಬ ಮಕ್ಕಳು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಮುಗಿಯಿತು. ಮುದ್ರಣಾಲಯದಲ್ಲಿ, ಬಟ್ಟೆ ಅಂಗಡಿಯಲ್ಲಿ ದುಡಿದರು. 1870ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿಯೂ ಮೊದಲು ಬಟ್ಟೆ ಅಂಗಡಿಯೇ. ಆಮೇಲೆ ನ್ಯೂಯಾರ್ಕಿನ ಒಂದು ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವ ಕೆಲಸ ಸಿಕ್ಕಿತು. ರಾತ್ರಿ ಹೊತ್ತು ಕೂಪರ್ ಇನ್‌ಸ್ಟಿಟ್ಯೂಟ್‌ನಲ್ಲಿ ವಿಜ್ಞಾನ ಕಲಿತರು. 1877ರಲ್ಲಿ ದೂರವಾಣಿಗೆ ಉತ್ತಮ ಮೈಕ್ರೊಫೋನ್ ಒಂದನ್ನು ರೂಪಿಸಿದಾಗ ಬೆಲ್ ಕಂಪನಿ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು.

ಅದೇ 1877ರಲ್ಲಿ ಎಡಿಸನ್ ಧ್ವನಿಯನ್ನು ಹಿಡಿದಿಡುವ ಫೋನೋಗ್ರಾಫ್ ತಯಾರಿಸಿದ್ದರು. ಅದರಲ್ಲಿದ್ದುದು ತಟ್ಟೆಯಲ್ಲ, ಉರುಳೆ. ಅದರ ಮೇಲೆ ಮುಳ್ಳು ಮೇಲೆ ಕೆಳಗೆ ಕುಣಿಯುತ್ತಿತ್ತು. ಬರ್ಲಿನರ್ ಚಪ್ಪಟೆ ತಟ್ಟೆಯನ್ನು ಆರಿಸಿಕೊಂಡರು, ಮುಳ್ಳನ್ನು ಎಡಕ್ಕೂ ಬಲಕ್ಕೂ ಓಡಾಡಿಸಿದರು. 1887ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ಪಡೆದರು. ಚಪ್ಪಟೆ ತಟ್ಟೆಯ ಅಚ್ಚು ಒಂದಿದ್ದರೆ ದೋಸೆ ಹುಯ್ದಂತೆ ಪ್ರತಿಗಳನ್ನು ಒತ್ತಬಹುದಲ್ಲವೇ?

ಅವರ ವಿಧಾನ ಸೊಗಸಾಗಿತ್ತು. ಸತುವಿನ ತಟ್ಟೆಗೆ ಜೇನುಮೇಣದ ತೆಳು ಲೇಪ ಕೊಡುತ್ತಿದ್ದರು. ಹಾಡುವವರ ಧ್ವನಿಗೆ ನಡುಗುವ ಮುಳ್ಳು ಮೇಣವನ್ನು ಗೀರುತ್ತಿತ್ತು. ನಂತರ ತಟ್ಟೆಯನ್ನು ಕ್ರೋಮಿಕ್ ಆಮ್ಲದಲ್ಲಿ ಮುಳುಗಿಸುತ್ತಿದ್ದರು. ಮೇಣ ಹೋದ ಜಾಗದಲ್ಲಿ ಮಾತ್ರ ಆಮ್ಲ ಸತುವನ್ನು ಕೊರೆಯುತ್ತಿತ್ತು. ಆದರೆ ಅಂಟಂಟಾದ ಮೇಣಕ್ಕೆ ಧೂಳು, ನೂಲಿನ ಎಳೆ ಎಲ್ಲವೂ ಇಷ್ಟ! ಮುಳ್ಳು ಅದನ್ನು ಎಳೆದುಕೊಂಡು ಹೋದರೆ ಗೀರು ಕೆಡುತ್ತದೆ. ಅದಕ್ಕಾಗಿ ಧ್ವನಿಮುದ್ರಣ ನಡೆಯುವಾಗ ತಟ್ಟೆಯ ಮೇಲೆ ಆಲ್ಕೊಹಾಲ್ ಸುರಿಯುತ್ತಿದ್ದರು. ದ್ರವದ ಪದರ ಧೂಳನ್ನು ಗೀರಿನಿಂದ ದೂರವಿಡುತ್ತಿತ್ತು, ಮೇಣವನ್ನು ಕರಗಿಸುತ್ತಿರಲಿಲ್ಲ.

ಮಾರಾಟದ ತಟ್ಟೆಗಳನ್ನು ಮೊದಲು ಗಟ್ಟಿ ರಬ್ಬರಿನಿಂದ, ಆಮೇಲೆ ಅರಗಿನಿಂದ ಒತ್ತಿದರು. ಅರಗಿನ ಹುಳು ಸ್ರವಿಸುವ ಈ ವಸ್ತು ಹೆಚ್ಚಾಗಿ ನಮ್ಮ ದೇಶದಿಂದಲೇ ಹೋಗುತ್ತಿತ್ತು. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಇದು ಗೊತ್ತಿದ್ದೂ ನಾನೊಮ್ಮೆ ಹಳೆಯ ತಟ್ಟೆಯೊಂದನ್ನು ಸ್ಪಿರಿಟ್ ಹಚ್ಚಿ ಒರೆಸಿದೆ. ಬಟ್ಟೆ ಕಪ್ಪಾಯಿತು, ತಟ್ಟೆ ಅಂಟಂಟಾಯಿತು, ಹಾಡು ಹೋಯಿತು!

1898ರಲ್ಲಿ ಬರ್ಲಿನರ್ ಸಹೋದರರು ಹ್ಯಾನೋವರಿನಲ್ಲಿ ಕಾರ್ಖಾನೆ ತೆರೆದರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಹಾಡುಗಳ ತಟ್ಟೆಗಳು ಅಲ್ಲಿಯೇ ತಯಾರಾಗಿ ಭಾರತಕ್ಕೆ ಬಂದವು. ಆದರೆ ಆ ವೇಳೆಗೆ ಅಮೆರಿಕದಲ್ಲಿ ಬರ್ಲಿನರ್ ಸೋತಿದ್ದರು. ಮಾರಾಟದ ಗುತ್ತಿಗೆದಾರನೊಂದಿಗೆ ವ್ಯಾಜ್ಯವಾಗಿ, 1900ರಲ್ಲಿ ನ್ಯಾಯಾಲಯದ ತಡೆಯಾಜ್ಞೆ ಬಂತು. ತಾನೇ ಕಂಡುಹಿಡಿದ ತಟ್ಟೆಯನ್ನು ತಾನೇ ಮಾರುವಂತಿಲ್ಲ! ಅವರು ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಪಾರ ಮುಂದುವರಿಸಿದರು.

ಅದೇ ಕಾಲದಲ್ಲಿ ಅವರ ಹಸುಗೂಸು ಹೊಟ್ಟೆಯ ಕಾಯಿಲೆಯಿಂದ ನರಳಿತು. ಮಗು ಉಳಿಯಿತು. ಹಸಿ ಹಾಲಿನಿಂದ ರೋಗ ಹರಡುವುದನ್ನು ಬರ್ಲಿನರ್ ಓದಿ ತಿಳಿದರು. ಹಾಲನ್ನು ಕಾಯಿಸಿಯೇ ಕುಡಿಸಿ ಎಂದು ವರ್ಷಗಟ್ಟಲೆ ಪ್ರಚಾರ ಮಾಡಿದರು. 1919ರಲ್ಲಿ ಶುಚಿತ್ವದ ಬಗ್ಗೆ ಮಕ್ಕಳಿಗಾಗಿ ಪದ್ಯಗಳ ಪುಸ್ತಕವನ್ನೂ ಹೊರತಂದರು. ನನಗಂತೂ ಗ್ರಾಮಫೋನಿಗಿಂತ ಈ ಕೆಲಸವೇ ದೊಡ್ಡದು ಅನಿಸುತ್ತದೆ. 1929ರ ಆಗಸ್ಟ್ 3ರಂದು ವಾಷಿಂಗ್ಟನ್‌ನಲ್ಲಿ ಅವರು ತೀರಿಕೊಂಡರು.

1948ರಲ್ಲಿ ಅಮೆರಿಕದಲ್ಲಿ ವಿನೈಲ್ ಎಂಬ ಪ್ಲಾಸ್ಟಿಕ್‌ನ ದೀರ್ಘಾವಧಿ ತಟ್ಟೆಗಳು ಬಂದವು. ಗೀರು ಮೊದಲಿಗಿಂತ ಬಹಳ ಸಣ್ಣದು, ಹಾಗಾಗಿ ಸಣ್ಣ ಧೂಳೂ ದೊಡ್ಡ ಸದ್ದು ಮಾಡುತ್ತದೆ. ಸಾಲದೆಂಬಂತೆ, ಉಜ್ಜಿದ ವಿನೈಲ್‌ನಲ್ಲಿ ಸ್ಥಿರ ವಿದ್ಯುತ್ ಉಂಟಾಗುತ್ತದೆ. ಒಣ ಕೂದಲನ್ನು ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವುದಿಲ್ಲವೇ? ತಟ್ಟೆಯೂ ಹಾಗೆಯೇ ಧೂಳನ್ನು ಸೆಳೆಯುತ್ತದೆ. ಒಣ ಬಟ್ಟೆಯಿಂದ ಒರೆಸಿದಷ್ಟೂ ಹೆಚ್ಚು!

ಇಂಗ್ಲೆಂಡಿನ ಸೆಸಿಲ್ ವಾಟ್ಸ್ 1950ರ ದಶಕದಲ್ಲಿ ಡಸ್ಟ್ ಬಗ್ ಎಂಬ ಪುಟ್ಟ ಸಾಧನ ತಯಾರಿಸಿದರು. ಅದರ ನೈಲಾನ್ ಎಳೆಗಳು ಹಾಡು ನಡೆಯುತ್ತಿರುವಾಗಲೇ ಗೀರಿನಲ್ಲಿ ಸಾಗಿ ಧೂಳನ್ನು ಎಬ್ಬಿಸುತ್ತವೆ, ಮೆತ್ತನೆಯ ಬಟ್ಟೆ ಅದನ್ನು ಹಿಡಿದುಕೊಳ್ಳುತ್ತದೆ. ನಂತರ ದ್ರವದಿಂದ ತೊಳೆದು ಕೊಳೆನೀರನ್ನು ಹೀರಿಕೊಳ್ಳುವ ಯಂತ್ರಗಳೂ ಬಂದವು. ಇಂದು ತಟ್ಟೆ ಸಂಗ್ರಹಿಸುವವರ ಬಳಿ ಹೆಚ್ಚಾಗಿ ಕಾಣುವುದು ಕಾರ್ಬನ್ ನಾರಿನ ಬ್ರಷ್. ಕಾರ್ಬನ್ ವಿದ್ಯುದ್ವಾಹಕ. ತಿರುಗುವ ತಟ್ಟೆಗೆ ಅದನ್ನು ಮೆಲ್ಲಗೆ ತಾಗಿಸಿದರೆ ತಟ್ಟೆಯ ಸ್ಥಿರ ವಿದ್ಯುತ್ ನಾರುಗಳಿಂದ ಲೋಹದ ಹಿಡಿಗೆ, ಹಿಡಿಯಿಂದ ನಮ್ಮ ಕೈಗೆ ಹರಿದುಹೋಗುತ್ತದೆ. ಹಿಡಿತ ತಪ್ಪಿದ ಧೂಳು ಬ್ರಷ್‌ನೊಂದಿಗೆ ಹೊರಬರುತ್ತದೆ.